ಚಿಗರೆಯ ತಿರುವು

ಮೂರನೆಯ ಸಲ ಬಿದ್ದಾಗ ಚಿಗರೆಯ ಹತ್ತಿರ ಯಾರೂ ಇರಲಿಲ್ಲ. ಎದುರಾಳಿ ಇಲ್ಲ, ಅಡ್ಡ ಬಂದ ಹಾಕಿ ಸ್ಟಿಕ್ ಇಲ್ಲ, ತಳ್ಳಿದವರಿಲ್ಲ. ಬೆಳಗಿನ ಅಭ್ಯಾಸ ಮುಗಿಯುತ್ತ ಬಂದಿತ್ತು. ಉಳಿದವರೆಲ್ಲ ಬೇಲಿಯ ಬಳಿ ನೀರು ಕುಡಿಯುತ್ತ ಹರಟುತ್ತಿದ್ದರು. ಇನ್ನೊಂದೇ ಒಂದು ಸಲ ಎಂದುಕೊಂಡು ಅವಳು ಒದ್ದೆ ಟರ್ಫಿನ ಮೇಲೆ ಚೆಂಡು ತಳ್ಳಿಕೊಂಡು ಓಡಿದಳು. ಗೋಲಿನ ಮುಂದೆ ಬಲಕ್ಕೆ ಹೋಗುವವಳಂತೆ ಮೈ ವಾಲಿಸಿದಳು, ಬಲಗಾಲೂರಿ ಗಕ್ಕನೆ ಎಡಕ್ಕೆ ತಿರುಗಿದಳು. ಮೈ ತಿರುಗಿತು, ಮಂಡಿ ತಿರುಗಲಿಲ್ಲ.

ಒಳಗೆ ಏನೋ ಲಟಕ್ಕೆಂದಿತು. ಆ ಸದ್ದು ಅವಳಿಗೆ ಹೊಸದಲ್ಲ. ಬಿದ್ದವಳು ಬಿದ್ದಲ್ಲೇ ಮಲಗಿ, ಟರ್ಫಿಗೆ ನೀರು ಚಿಮ್ಮಿಸುವ ಕೊಳವೆಯ ಬಾಯಿಂದ ಒಂದೊಂದೇ ಹನಿ ತೊಟ್ಟಿಕ್ಕುವುದನ್ನು ನೋಡುತ್ತಿದ್ದಳು. ಗೋಡೆ ಎಂದೇ ಎಲ್ಲರೂ ಕರೆಯುತ್ತಿದ್ದ ಗೋಲ್‌ಕೀಪರ್ ಕಾಲಿಗೆ ಕಟ್ಟಿದ ದಪ್ಪ ಪ್ಯಾಡುಗಳ ಸಮೇತ ಧಡಧಡನೆ ಓಡಿಬಂದು ಪಕ್ಕದಲ್ಲಿ ಕುಕ್ಕರಿಸಿದಳು. ಎಷ್ಟು ನೋವು, ಎಲ್ಲಿ ನೋವು ಎಂದು ಕೇಳಿದಳು.

"ಸರ್‌ಗೆ ಹೇಳು, ಹೋಯ್ತು ಅಂತ," ಅಂದಳು ಚಿಗರೆ. ಮನೆಯಲ್ಲಿ ಕರೆಂಟು ಹೋಯಿತು ಎನ್ನುವಾಗ ಎಷ್ಟು ದನಿ ಬೇಕೋ ಅಷ್ಟೇ ದನಿ. ಅಳುವುದಕ್ಕೆ ಶುರು ಮಾಡಿದವಳು ಗೋಡೆ.

ಚಿಗರೆ ಎಂಬ ಹೆಸರಿಟ್ಟವನು ಅವಳ ಮಾವ, ಅಮ್ಮನ ತಮ್ಮ. ನೀರೆತ್ತುವ ಮೋಟಾರುಗಳನ್ನು ರಿಪೇರಿ ಮಾಡುವ ಅವನು ಮದುವೆ ಆಗಲಿಲ್ಲ, ಅಕ್ಕನ ಮನೆಯಲ್ಲೇ ಉಳಿದುಬಿಟ್ಟ. ಅಪ್ಪನಿಲ್ಲದ ಹುಡುಗಿಯನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಮೊದಲ ಸಲ ಮೈದಾನಕ್ಕೆ ಕರೆದೊಯ್ದವನು, ಅವಳ ಕೈಗೆ ಸ್ಟಿಕ್ ಕೊಟ್ಟವನು ಅವನೇ. ಹತ್ತನೆಯ ವಯಸ್ಸಿಗೇ ಅವಳು ಹುಡುಗರ ನಡುವೆ ನುಸುಳಿ ಹೋಗುತ್ತಿದ್ದ ಚಂದ ನೋಡಿ, ಚಿಗರೆ ಕಣ್ರೋ ಇದು, ಚಿಗರೆ, ಎಂದು ಊರಿಗೆಲ್ಲ ಡಂಗುರ ಹೊಡೆದ. ಹೆಸರು ಅಂಟಿಕೊಂಡಿತು. ಹದಿನೆಂಟಕ್ಕೆ ಅವಳು ದೇಶದ ತಂಡದ ಸೆಂಟರ್ ಫಾರ್ವರ್ಡ್. ಬಲಕ್ಕೆ ವಾಲಿ ಎಡಕ್ಕೆ ಮಿಂಚುವ ಅವಳ ವರಸೆಗೆ ಪತ್ರಿಕೆಯವರು ಚಿಗರೆ ತಿರುವು ಎಂದು ಹೆಸರಿಟ್ಟರು. ಗೋಲ್‌ಕೀಪರುಗಳು ಅದು ಬರುತ್ತದೆ ಎಂದು ಗೊತ್ತಿದ್ದೂ ಪ್ರತಿ ಸಲ ಅವಳು ವಾಲಿದ ಕಡೆಗೇ ಹಾರುತ್ತಿದ್ದರು. ಇನ್ನು ಹತ್ತು ವರ್ಷ ಇವಳನ್ನು ತಡೆಯುವವರಿಲ್ಲ ಎಂದು ಬಲ್ಲವರೆಲ್ಲ ಬರೆದರು.

ಮರುವರ್ಷವೇ ಬಲಮಂಡಿಯ ಒಳಗಿನ ನಾರು ಹರಿಯಿತು. ಹೊಲಿಸಿಕೊಂಡು ಬಂದಳು. ಓಟದಲ್ಲಿ ಕೂದಲೆಳೆಯಷ್ಟು ವೇಗ ಕಡಿಮೆಯಾಗಿತ್ತು. ಅವಳಿಗೆ ಮಾತ್ರ ಅದು ಗೊತ್ತಿತ್ತು. ಚೆಂಡು ಎಲ್ಲಿಗೆ ಬರುತ್ತದೆಂದು ಮೊದಲೇ ಅಂದಾಜು ಮಾಡಿ ಆ ಕೊರತೆಯನ್ನು ತುಂಬಿಕೊಂಡಳು. ನಾಲ್ಕು ವರ್ಷದ ಮೇಲೆ ಎಡಮಂಡಿ. ಅದಾದ ಮೇಲೆ ಇಡೀ ಪಂದ್ಯ ಆಡುವ ದಮ್ಮು ಉಳಿಯಲಿಲ್ಲ. ಕೊನೆಯ ಹೊತ್ತಿಗೆ ಅವಳನ್ನು ಇಳಿಸುತ್ತಿದ್ದರು, ಅವಳು ಒಂದು ಗೋಲು ಹೊಡೆದು ಬರುತ್ತಿದ್ದಳು. ಒಗೆದ ಬಟ್ಟೆಯ ಹಾಗೆ ಅವಳ ಆಟ ಪ್ರತಿ ಸಲವೂ ಒಂದಿಷ್ಟು ಕುಗ್ಗಿ ಹಿಂದಿರುಗುತ್ತಿತ್ತು. ಕುಗ್ಗದೆ ಉಳಿದದ್ದು ಆ ತಿರುವು ಒಂದೇ. ಕೊನೆಗೆ ಅದೇ ಅವಳನ್ನು ಕೆಡವಿತು. ದೊಡ್ಡ ಪಂದ್ಯಾವಳಿಗೆ ತಂಡ ಹೊರಡುವುದಕ್ಕೆ ನಾಲ್ಕು ತಿಂಗಳೂ ಉಳಿದಿರಲಿಲ್ಲ.

ಡಾಕ್ಟರು ಹಿಂದಿನ ಎರಡು ಸಲವೂ ಅವಳ ಮಂಡಿ ಬಿಚ್ಚಿ ನೋಡಿದವರು. ಸ್ಕ್ಯಾನಿನ ಚಿತ್ರವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡುತ್ತಿದ್ದರು. ಮಾವನಿಗೆ ತಡೆಯಲಾಗಲಿಲ್ಲ. ಈ ಸಲ ಎಷ್ಟು ತಿಂಗಳು ಹಿಡಿಯುತ್ತದೆ, ಬರುವ ವರ್ಷದ ಲೀಗಿಗಾದರೂ ಆದೀತೇ ಎಂದು ಒಂದೇ ಸಮನೆ ಕೇಳಿದ. ಡಾಕ್ಟರು ಅವನಿಗೆ ಉತ್ತರ ಕೊಡದೆ ಅವಳ ಕಡೆ ತಿರುಗಿದರು.

"ನಿಮ್ಮ ಮಾವ ಆಟದ ವಿಷಯ ಕೇಳ್ತಿದಾರೆ. ನೀನೇನು ಕೇಳ್ತೀಯಮ್ಮ?"

"ಮೆಟ್ಟಿಲು ಹತ್ತಬಹುದಾ?"

"ಹತ್ತಬಹುದು."

"ಹಾಗಾದ್ರೆ ಸರಿ," ಅಂದಳು. ಅವರ ಮನೆ ಇದ್ದದ್ದು ಎರಡನೆಯ ಮಹಡಿಯಲ್ಲಿ.

ಮಾವನ ಕಿವಿಗೆ ಇದ್ಯಾವುದೂ ಬಿದ್ದ ಹಾಗೆ ಕಾಣಲಿಲ್ಲ. ಹಿಂತಿರುಗುವ ದಾರಿಯುದ್ದಕ್ಕೂ ಮೂರು ಸಲ ಕಾಲು ಕೊಯ್ಯಿಸಿಕೊಂಡು ಮತ್ತೆ ಆಡಿದವರ ಕಥೆಗಳನ್ನು ಹೇಳಿದ. ಒಬ್ಬಳ ಕಥೆಯನ್ನಂತೂ ಎರಡು ಸಲ ಹೇಳಿದ. ಅವಳು ಹೂಂಗುಟ್ಟುತ್ತಿದ್ದಳು.

ಶಸ್ತ್ರಚಿಕಿತ್ಸೆ ಮುಗಿದು ಮನೆಗೆ ಬಂದ ಮೇಲೆ ಅವಳು ಅಳುವುದನ್ನೇ ಎಲ್ಲರೂ ಕಾಯತೊಡಗಿದರು. ಅಮ್ಮ ಮುಂದಿನ ಕೋಣೆಯಲ್ಲಿ ಶಾಲೆಯ ಸಮವಸ್ತ್ರ ಹೊಲಿಯುತ್ತಿದ್ದಳು. ನಡುನಡುವೆ ಮೆಷಿನ್ನು ನಿಲ್ಲಿಸಿ ಒಳಕೋಣೆಯ ಕಡೆ ಕಿವಿ ಕೊಡುತ್ತಿದ್ದಳು. ಏನೂ ಕೇಳಿಸದೆ ಮತ್ತೆ ತುಳಿಯುತ್ತಿದ್ದಳು. ಕೆಳಗಿನ ಮನೆಯ ಆಂಟಿ ಸಮಾಧಾನ ಮಾಡಲು ಬಂದವರು ಬಾಗಿಲಲ್ಲೇ ಗೊಳೋ ಎಂದರು. ಊರುಗೋಲು ಹಿಡಿದು ಎದ್ದು ಅವರಿಗೆ ನೀರು ತಂದುಕೊಟ್ಟು, ಬೆನ್ನು ಸವರಿ, ಎಲ್ಲ ಸರಿಹೋಗುತ್ತದೆ ಎಂದು ಸಮಾಧಾನ ಹೇಳಿದವಳು ಚಿಗರೆ. ಆಂಟಿ ಹೋದ ಮೇಲೆ ಅಮ್ಮ, ನಿಂಗೇನೂ ಅನ್ನಿಸ್ತಾ ಇಲ್ವೇನೇ ಎಂದು ಕೇಳಿದಳು. ಅವಳು ಯೋಚಿಸಿ ನೋಡಿದಳು. ಹಸಿವಾಗುತ್ತಿತ್ತು, ನಿದ್ದೆ ಬರುತ್ತಿತ್ತು, ಅಷ್ಟೇ.

ತಂಡದ ಫಿಸಿಯೋ ಹೆಂಗಸು ಮಂಡಿ ಮಡಿಚಿಸಿ ಬಿಡಿಸುತ್ತ ಪ್ರತಿ ದಿನ ಹತ್ತರಲ್ಲಿ ನೋವೆಷ್ಟು ಎಂದು ಕೇಳುತ್ತಿದ್ದಳು. ಮೂರು ಎನ್ನುತ್ತಿದ್ದಳು ಚಿಗರೆ. ಒಂದು ದಿನ ಆಕೆ ಬೇಕೆಂದೇ ಜೋರಾಗಿ ಅದುಮಿ, ಈಗ, ಎಂದಳು. ಆಗಲೂ ಮೂರೇ. ಹೊಲಿಗೆಯ ಪಕ್ಕದ ಚರ್ಮ ಜೋಮು ಹಿಡಿದ ಹಾಗೆ ಆಗಿತ್ತು. ಅಲ್ಲಿಯ ನರ ತುಂಡಾಗಿರುತ್ತದೆ, ಸ್ಪರ್ಶ ವಾಪಸು ಬಂದರೂ ಬಂದೀತು, ಬರದಿದ್ದರೂ ಇಲ್ಲ ಎಂದಳು ಫಿಸಿಯೋ. "ಕಾಲಿನದು ನಂಗೆ ಗೊತ್ತಾಗುತ್ತೆ. ಉಳಿದದ್ದು ನೀನೇ ಹೇಳ್ಬೇಕು."

ನಡೆಯುವಂತಾದ ಮೇಲೆ ಕೆಲಸಕ್ಕೆ ಹೋದಳು. ನೀರು ಸರಬರಾಜು ಇಲಾಖೆ ಅವಳಿಗೆ ನೌಕರಿ ಕೊಟ್ಟದ್ದು ತನ್ನ ತಂಡಕ್ಕೆ ಆಡಲಿ ಎಂದು. ಕಚೇರಿಯಲ್ಲಿ ಅವಳ ಹೆಸರಿನದೊಂದು ಕುರ್ಚಿ ಇತ್ತು ನಿಜ, ಅದರ ಮೇಲೆ ಇಷ್ಟು ವರ್ಷ ಕೂತದ್ದು ಉಳಿದವರ ಊಟದ ಡಬ್ಬಿಗಳು ಮತ್ತು ಕೊಡೆಗಳು. ಅವನ್ನೆಲ್ಲ ಸರಿಸಿ ಅವಳನ್ನು ದೂರು ಕೇಳುವ ಕಿಟಕಿಗೆ ಕೂರಿಸಿದರು. ಜನ ಸಾಲುಗಟ್ಟಿ ಬರುತ್ತಿದ್ದರು. ನೀರು ಬಂದಿಲ್ಲ, ಬಂದದ್ದು ಕೆಂಪಗಿದೆ, ಪಕ್ಕದ ಮನೆಗೆ ಬರುತ್ತದೆ ನಮಗಿಲ್ಲ. ಕೆಲವರು ಗುರುತು ಹಿಡಿದು ಅಯ್ಯೋ ಪಾಪ ಎನ್ನುತ್ತಿದ್ದರು, ಆಮೇಲೆ ನೀರಿನ ವಿಷಯಕ್ಕೆ ಬರುತ್ತಿದ್ದರು. ಬೈದವರಿಗೂ ಅವಳು ಒಂದೇ ದನಿಯಲ್ಲಿ ಉತ್ತರ ಕೊಡುತ್ತಿದ್ದಳು. ಇಷ್ಟು ತಾಳ್ಮೆಯವರು ಈ ಕಿಟಕಿಗೆ ಹಿಂದೆಂದೂ ಬಂದಿರಲಿಲ್ಲ ಎಂದು ಮೇಲಧಿಕಾರಿ ಹೊಗಳಿದರು. ಅದು ತಾಳ್ಮೆಯಲ್ಲ ಎಂದು ಅವಳಿಗೆ ಗೊತ್ತಿತ್ತು.

ಪಂದ್ಯಾವಳಿಯಲ್ಲಿ ಅವಳ ಜಾಗಕ್ಕೆ ಹೋದವಳು ಮಿಡತೆ. ಪುಟ್ಟ ಮೈಕಟ್ಟು, ಇನ್ನೂ ಇಪ್ಪತ್ತು ತುಂಬಿರಲಿಲ್ಲ, ನಿಂತಲ್ಲಿ ನಿಲ್ಲದವಳು, ಅದಕ್ಕೇ ಆ ಹೆಸರು. ಅವಳೂ ಇದೇ ಇಲಾಖೆಯ ತಂಡದವಳಾದ್ದರಿಂದ ಕಚೇರಿಯ ಸಭಾಂಗಣದಲ್ಲಿ ಮಧ್ಯಾಹ್ನ ಟೀವಿ ಹಚ್ಚಿ ಎಲ್ಲರೂ ಕೂತರು. ಚಿಗರೆಗೂ ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಟ್ಟರು. ದ್ವಿತೀಯಾರ್ಧದಲ್ಲಿ ಮಿಡತೆ ಚೆಂಡು ಹಿಡಿದು ನುಗ್ಗಿದಳು, ಬಲಕ್ಕೆ ವಾಲಿದಳು, ಎಡಕ್ಕೆ ತಿರುಗಿ ಗೋಲು ಹೊಡೆದಳು. ಥೇಟ್ ಚಿಗರೆ ತಿರುವು. ಸಭಾಂಗಣ ಚಪ್ಪಾಳೆ ತಟ್ಟಿತು. ಮರುಗಳಿಗೆ ಇವಳು ಎದುರಿಗೇ ಕೂತಿರುವುದು ನೆನಪಾಗಿ ಚಪ್ಪಾಳೆ ಅರ್ಧಕ್ಕೇ ನಿಂತಿತು. ಅವಳೊಬ್ಬಳು ತಟ್ಟುತ್ತಲೇ ಇದ್ದಳು.

ಗೋಲನ್ನು ನಿಧಾನವಾಗಿ ಮತ್ತೆ ತೋರಿಸಿದರು. ಆಗ ಅವಳ ಕೈ ನಿಂತಿತು. ಮಿಡತೆ ಬಲಗಾಲೂರಿದಾಗ ಮಂಡಿ ಕಾಲ್ಬೆರಳಿನ ನೇರಕ್ಕೆ ಇರಲಿಲ್ಲ. ಕೀಲು ಸಡಿಲವಾದ ಬಾಗಿಲಿನ ಹಾಗೆ ಒಳಕ್ಕೆ ವಾಲಿ, ಒಂದು ಕ್ಷಣ ಅಲ್ಲೇ ನಡುಗಿ, ಆಮೇಲೆ ಎದ್ದಿತು. ಬೇರೆ ಕೋನದಿಂದ ತೋರಿಸಿದರು. ಅದೇ. ಚಿಗರೆ ತನ್ನ ಹಳೆಯ ಪಂದ್ಯಗಳನ್ನು ಹೀಗೆ ನಿಧಾನವಾಗಿ ನೂರು ಸಲ ನೋಡಿದ್ದವಳು. ಆ ನಡುಕದ ಪರಿಚಯ ಅವಳಿಗೆ ಚೆನ್ನಾಗಿತ್ತು.

ಮನೆಗೆ ಬಂದು ಕೂತು ಯೋಚಿಸಿದಳು. ತಾನು ನೋಡಿದ್ದು ನಿಜವೋ, ತನ್ನ ಜಾಗ ಕಿತ್ತುಕೊಂಡವಳಲ್ಲಿ ಹುಳುಕು ಹುಡುಕುವ ಹೊಟ್ಟೆಕಿಚ್ಚೋ? ಕಳೆದ ಕೀಲಿಕೈಗೆ ತಡಕಾಡುವ ಹಾಗೆ ಒಳಗೆಲ್ಲ ಹುಡುಕಿದಳು. ಹೊಟ್ಟೆಕಿಚ್ಚು ಸಿಗಲಿಲ್ಲ. ಆ ಹುಡುಗಿಯ ಮೇಲೆ ಕನಿಕರವೂ ಸಿಗಲಿಲ್ಲ. ಎರಡರಲ್ಲಿ ಒಂದು ಸಿಕ್ಕಿದ್ದರೂ ಏನು ಮಾಡಬೇಕೆಂದು ತಿಳಿಯುತ್ತಿತ್ತು. ಕೊನೆಗೆ, ನಲ್ಲಿ ಸೋರುವುದನ್ನು ಕಂಡವರು ಬಂದು ಹೇಳುತ್ತಾರೆ, ಇದೂ ಹಾಗೇ ಎಂದುಕೊಂಡಳು.

ತಂಡ ಹಿಂತಿರುಗಿದ ಮೇಲೆ ಕೋಚ್ ಅವರನ್ನು ನೋಡಲು ಹೋದಳು. ಮೈದಾನದ ಪಕ್ಕದ ಅವರ ಕೋಣೆಯಲ್ಲಿ ಹರಿದ ಬಲೆಗಳು, ಒಡೆದ ಸ್ಟಿಕ್ಕುಗಳು ರಾಶಿ ಬಿದ್ದಿದ್ದವು. ಅವಳು ಹೇಳಿದ್ದನ್ನೆಲ್ಲ ಅವರು ತಲೆ ಅಲ್ಲಾಡಿಸುತ್ತ ಕೇಳಿದರು. ಆಶ್ಚರ್ಯಪಡಲಿಲ್ಲ.

"ನಾನೂ ನೋಡಿದೀನಿ," ಅಂದರು. "ಅದನ್ನ ಸರಿ ಮಾಡೋಕೆ ಹೋದ್ರೆ ತಿರುವು ನಿಧಾನ ಆಗುತ್ತೆ. ನಿಧಾನ ಆದ್ರೆ ಅದು ಬರೀ ತಿರುಗೋದು. ಅದನ್ನ ಯಾರು ಬೇಕಾದ್ರೂ ಮಾಡ್ತಾರೆ."

"ಮುರಿದ್ರೆ ಸರ್?"

"ಮುರೀಬಹುದು, ಮುರೀದೇನೂ ಇರಬಹುದು. ಎಲ್ಲರ ಮಂಡಿನೂ ಒಂದೇ ಥರ ಇರಲ್ಲ."

ಅವರು ಕೆಟ್ಟವರಲ್ಲ. ಮೂರು ಸಲವೂ ಆಸ್ಪತ್ರೆಗೆ ಬಂದು ಅವಳ ತಲೆದೆಸೆಯಲ್ಲಿ ಕೂತವರು. ಅವರ ಮಾತಿನಲ್ಲಿ ಸುಳ್ಳೂ ಇರಲಿಲ್ಲ. ನಾನು ಹೇಳಿದರೆ ಹುಡುಗಿ ಹೆದರುತ್ತಾಳೆ, ಹೆದರಿದವಳು ಗೋಲು ಹೊಡೆಯುವುದಿಲ್ಲ, ನಿನಗೆ ಹೇಳಬೇಕೆನಿಸಿದರೆ ಹೇಳು, ನಾನು ತಡೆಯುವುದಿಲ್ಲ ಎಂದರು.

ಹೇಳಿದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಮಿಡತೆ ಬೆಂಚಿನ ಮೇಲೆ ಕೂತು ಕಾಲಿಗೆ ಪಟ್ಟಿ ಸುತ್ತುತ್ತಿದ್ದಳು. ಅಕ್ಕ ಎಂದು ಎದ್ದು ನಿಂತಳು, ಕೂರಲು ಜಾಗ ಮಾಡಿಕೊಟ್ಟಳು. ಚಿಗರೆ ಹೇಳಿ ಮುಗಿಸುವ ಹೊತ್ತಿಗೆ ಹುಡುಗಿಯ ಮುಖ ಸಣ್ಣಗಾಗಿತ್ತು.

"ನಾನು ಇದನ್ನ ಯಾರ ಹತ್ರಾನೂ ಹೇಳಿಸ್ಕೊಂಡು ಕಲಿತಿಲ್ಲ ಅಕ್ಕ. ನಿಮ್ಮನ್ನ ಟೀವಿಲಿ ನೋಡಿ ನೋಡಿ ಮನೆ ಹಿಂದೆ ಒಬ್ಬಳೇ ಮಾಡ್ತಿದ್ದೆ. ಈಗ ನೀವೇ ಬಂದು ಬೇಡ ಅಂತೀರ."

"ಬೇಡ ಅಂತಿಲ್ಲ. ಮಂಡಿ ಒಳಗೆ ಬೀಳೋದನ್ನೂ ಸೇರಿಸಿ ಕಲಿತಿದೀಯ, ಅದು ನೋಡ್ಕೋ ಅಂತಿದೀನಿ."

ಮಿಡತೆ ಪಟ್ಟಿಯ ತುದಿಯನ್ನು ಬೆರಳಿಗೆ ಸುತ್ತುತ್ತ ಕೂತಳು. ಆಮೇಲೆ ತಲೆಯೆತ್ತದೆ ಕೇಳಿದಳು. "ನಿಮಗೆ ಆವಾಗ ಯಾರಾದ್ರೂ ಹೀಗೆ ಬಂದು ಹೇಳಿದ್ದಿದ್ರೆ ಕೇಳ್ತಿದ್ರಾ?"

ಕೇಳುತ್ತಿದ್ದೆ ಎಂದರೆ ಕೆಲಸ ಸುಲಭವಾಗುತ್ತಿತ್ತು.

"ಇಲ್ಲ," ಅಂದಳು ಚಿಗರೆ.

ಹುಡುಗಿ ಸ್ಟಿಕ್ ತೆಗೆದುಕೊಂಡು ಮೈದಾನಕ್ಕೆ ಹೋದಳು. ಆ ಕೋಣೆಯಲ್ಲಿ ಇನ್ನೂ ನಾಲ್ಕು ಜನ ಇದ್ದರು. ವಾರ ಕಳೆಯುವುದರೊಳಗೆ ಚಿಗರೆಗೆ ಹೊಟ್ಟೆಯುರಿ, ಚಿಕ್ಕ ಹುಡುಗಿಯ ಧೈರ್ಯ ಕೆಡಿಸುತ್ತಿದ್ದಾಳೆ ಎಂಬ ಮಾತು ಮೈದಾನದಿಂದ ಕಚೇರಿಗೆ, ಕಚೇರಿಯಿಂದ ಮನೆಗೆ ಬಂತು. ಗೋಡೆ ಅವಳ ಪರವಾಗಿ ಇಬ್ಬರ ಜೊತೆ ಜಗಳವಾಡಿ ಬಂದು ವರದಿ ಒಪ್ಪಿಸಿದಳು. ಚಿಗರೆಗೆ ಹೇಳಬೇಕಾದದ್ದು ಹೇಳಿ ಆಗಿತ್ತು. ಮತ್ತೆ ಮೈದಾನದ ಕಡೆ ಹೋಗಲಿಲ್ಲ.

ಒಂದು ಬೆಳಿಗ್ಗೆ ದೂರಿನ ಕಿಟಕಿಯ ಮುಂದೆ ಸಾಲು ಬಾಗಿಲಾಚೆಗೂ ಬೆಳೆದಿತ್ತು. ಎಲ್ಲೋ ದೊಡ್ಡ ಕೊಳವೆ ಒಡೆದಿತ್ತು. ಅವಳು ತಲೆಯೆತ್ತದೆ ಒಬ್ಬೊಬ್ಬರದೇ ವಿಳಾಸ ಕೇಳಿ ಬರೆದುಕೊಳ್ಳುತ್ತಿದ್ದಳು. ಹೇಳಿ, ಅಂದಳು.

"ನಂದೂ ಒಂದು ದೂರು ಅಕ್ಕ. ಮಂಡಿ ಊದಿದೆ."

ಮಿಡತೆ. ಆಚೆ ಈಚೆ ಬಿಂದಿಗೆ, ಬಕೆಟ್ಟಿನ ಮಾತಾಡುತ್ತಿದ್ದ ಜನರ ನಡುವೆ ಸಾಲಿನಲ್ಲೇ ನಿಂತು ಬಂದಿದ್ದಳು. ಹರಿದಿಲ್ಲ, ಎಳೆದುಕೊಂಡಿದೆ ಎಂದು ಡಾಕ್ಟರು ಹೇಳಿದ್ದರಂತೆ. ಎರಡು ವಾರ ಬಿಟ್ಟು ಆಡಬಹುದು ಎಂದಿದ್ದರಂತೆ. ವಿದೇಶದ ಪ್ರವಾಸಕ್ಕೆ ತಂಡದಲ್ಲಿ ಅವಳ ಹೆಸರೂ ಇತ್ತು. ಹೋಗಲೋ ಬೇಡವೋ ಎಂದು ಅವಳು ಕೇಳಲಿಲ್ಲ. ಅದನ್ನು ಅವಳಾಗಲೇ ತೀರ್ಮಾನ ಮಾಡಿಕೊಂಡಿದ್ದಳು.

"ಹೋಗಲ್ಲ ಅಂತ ಸರ್‌ಗೆ ಹೇಳಿದೀನಿ. ಕಾಲೂರೋದು ಹೇಳ್ಕೊಡ್ತೀರಾ?"

ಹಿಂದೆ ನಿಂತವರು ಗೊಣಗತೊಡಗಿದ್ದರು. ಸಂಜೆ ಫಿಸಿಯೋ ಕೋಣೆಗೆ ಬಾ ಎಂದಳು ಚಿಗರೆ. ಮುಂದಿನವರಿಗೆ, ಹೇಳಿ, ಅಂದಳು.

ಅದು ಬೇಸರದ ಕೆಲಸ. ಮರದ ಪೆಟ್ಟಿಗೆಯ ಮೇಲೆ ಹತ್ತುವುದು, ಕನ್ನಡಿಯ ಮುಂದೆ ಜಿಗಿಯುವುದು, ಮಂಡಿ ಎಲ್ಲಿ ಬಂತು ನೋಡುವುದು, ಮತ್ತೆ ಹತ್ತುವುದು. ಹಾರಾಡುತ್ತಿದ್ದ ಹುಡುಗಿ ಗಿಣಿಯ ಹಾಗೆ ಒಂದನ್ನೇ ಒಪ್ಪಿಸುತ್ತ ನಿಂತಳು. ಫಿಸಿಯೋ ಹೆಂಗಸು ತೊಡೆಯ, ಸೊಂಟದ ಸ್ನಾಯುಗಳಿಗೆ ವ್ಯಾಯಾಮ ಹಾಕಿಕೊಟ್ಟಳು. ಚಿಗರೆ ಸ್ಟೂಲಿನ ಮೇಲೆ ಕೂತು, ಒಳಗೆ ಬಂತು, ಸರಿ, ಒಳಗೆ ಬಂತು ಎನ್ನುತ್ತಿದ್ದಳು. ತಿಂಗಳುಗಳ ಮೇಲೆ ಮಿಡತೆ ಟರ್ಫಿಗೆ ಇಳಿದಾಗ ಕೋಚ್ ಹೇಳಿದ್ದೇ ಆಯಿತು. ಮಂಡಿ ನೆಟ್ಟಗೆ ಬರುತ್ತಿತ್ತು. ತಿರುವು ಕಣ್ಣಿಗೆ ಕಾಣುವಷ್ಟು ನಿಧಾನವಾಗಿತ್ತು.

ಪ್ರವಾಸದಲ್ಲಿ ಅವಳ ಬದಲಿಗೆ ಹೋದವಳು ಚೆನ್ನಾಗಿ ಆಡಿ ಜಾಗ ಭದ್ರ ಮಾಡಿಕೊಂಡಳು. ಮಿಡತೆಯ ಹೆಸರು ಪತ್ರಿಕೆಗಳಿಂದ ಮಾಯವಾಯಿತು. ಮಾವನಿಗೆ ಇದು ಬರಸಿಡಿಲು. ಟೀವಿಯಲ್ಲಿ ಆ ಹುಡುಗಿ ತಿರುಗಿದ ದಿನ ಅವನು ತನ್ನ ಅಂಗಡಿಯಲ್ಲಿ ಸ್ಪ್ಯಾನರ್ ಕೆಳಗಿಟ್ಟು ಎಷ್ಟೋ ತಿಂಗಳ ಮೇಲೆ ನಕ್ಕಿದ್ದನಂತೆ. ಚಿಗರೆ ಆಡದಿದ್ದರೇನು, ತಿರುವು ಉಳಿಯಿತಲ್ಲ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿದ್ದನಂತೆ. ವಿಷಯ ತಿಳಿದ ಸಂಜೆ ಊಟಕ್ಕೆ ಕೂತವನು ತಟ್ಟೆ ಸರಿಸಿದ.

"ನಿನ್ನ ಕಾಲಂತೂ ಹೋಯ್ತು. ಚೆನ್ನಾಗಿದ್ದ ಆ ಮಗೂ ಕಾಲನ್ನೂ ಕಟ್ಟಿಹಾಕಿದೆಯಲ್ಲೇ."

ಆಮೇಲೆ ಅವನು ಅವಳೊಡನೆ ಮಾತು ಬಿಟ್ಟ. ಒಂದೇ ಮನೆಯಲ್ಲಿದ್ದುಕೊಂಡು, ಬೇಕಾದ್ದನ್ನು ಅಕ್ಕನ ಮೂಲಕ ಹೇಳಿಸುತ್ತಿದ್ದ. ಅವನು ಹೇಳಿದ್ದರಲ್ಲಿ ನಿಜವಿರಬಹುದು ಎಂದು ಅವಳಿಗೂ ಅನ್ನಿಸಿತ್ತು. ಆ ಮಂಡಿ ಹಾಗೇ ಬಿಟ್ಟಿದ್ದರೆ ಹರಿಯುತ್ತಲೇ ಇರಲಿಲ್ಲವೇನೋ. ಹತ್ತು ವರ್ಷ ಮಿಂಚುತ್ತಿದ್ದಳೇನೋ. ಹರಿಯದೆ ಉಳಿದದ್ದು ತನ್ನಿಂದ ಎಂದು ತೋರಿಸಲು ಯಾವ ಸ್ಕ್ಯಾನೂ ಇಲ್ಲ.

ಮರುವರ್ಷ ಮಿಡತೆ ತಂಡಕ್ಕೆ ಹಿಂತಿರುಗಿದಳು, ಬದಲಿ ಆಟಗಾರ್ತಿಯಾಗಿ. ಒಂದು ಭಾನುವಾರ ಮಧ್ಯಾಹ್ನ ಪಂದ್ಯವಿತ್ತು. ಅಮ್ಮ ಗುಂಡಿ ಹೊಲಿಯುತ್ತ, ಮಾವ ಗೋಡೆಗೊರಗಿ, ಚಿಗರೆ ನೆಲದ ಮೇಲೆ ಕಾಲು ಚಾಚಿ ಟೀವಿಯ ಮುಂದೆ ಕೂತಿದ್ದರು. ಸಮಬಲದಲ್ಲಿದ್ದ ಆಟ ಮುಗಿಯುವ ಹೊತ್ತಿಗೆ ಮಿಡತೆಗೆ ಚೆಂಡು ಸಿಕ್ಕಿತು. ಓಡಿದಳು. ಎದುರಿಗೆ ಒಬ್ಬಳೇ ಡಿಫೆಂಡರ್, ಅವಳ ಹಿಂದೆ ಗೋಲ್‌ಕೀಪರ್. ಬಲಕ್ಕೆ ವಾಲಿದಳು. ಮಾವನ ಬೆನ್ನು ಗೋಡೆಯಿಂದ ಎದ್ದಿತು. ಕೀಪರ್ ಅತ್ತಲೇ ಹಾರಿದಳು. ಮಿಡತೆ ತಿರುಗಲಿಲ್ಲ. ಕಾಲನ್ನು ನೆಟ್ಟಗೆ ಊರಿ ನಿಂತು, ಖಾಲಿಯಾಗಿದ್ದ ಎಡಗಡೆ ಓಡಿಬರುತ್ತಿದ್ದ ಜೊತೆಗಾರ್ತಿಗೆ ಚೆಂಡು ದಾಟಿಸಿದಳು. ಅವಳು ಅದನ್ನು ಸುಮ್ಮನೆ ಒಳಕ್ಕೆ ತಳ್ಳಿದಳು. ಗೋಲು. ಎಲ್ಲರೂ ಹೊಡೆದವಳನ್ನು ತಬ್ಬಿಕೊಂಡರು. ಮಿಡತೆಗೆ ಹಳೆಯ ಚುರುಕಿಲ್ಲ, ತಾನೇ ಹೊಡೆಯಬಹುದಾಗಿತ್ತು ಎಂದು ವೀಕ್ಷಕ ವಿವರಣೆಯವನು ಕೊರಗಿದ.

ಅಮ್ಮ ದಾರ ಕಚ್ಚಿ ತುಂಡು ಮಾಡಿದಳು.

"ನೀನಾಗಿದ್ದಿದ್ರೆ ಕೊಡ್ತಿರಲಿಲ್ಲ," ಅಂದ ಮಾವ.

ಅವನು ತನ್ನೊಡನೆ ಮಾತಾಡಿದ್ದು ಎಂದು ಅವಳಿಗೆ ತಿಳಿಯಲು ಒಂದು ಗಳಿಗೆ ಬೇಕಾಯಿತು.

"ಕೊಡ್ತಿರಲಿಲ್ಲ ಮಾವ."

"ತಿರುಗಿಬಿಡ್ತಿದ್ದೆ."

"ಹೂಂ. ತಿರುಗಿಬಿಡ್ತಿದ್ದೆ." ಹೇಳುವಾಗ ಈ ಸಲ ಒಳಗೆ ಏನೋ ಕೈಗೆ ಸಿಕ್ಕಿತು. ದುಃಖವೋ, ಸಿಟ್ಟೋ, ಆ ಪಾಸಿನ ಮೇಲಿನ ಅಭಿಮಾನವೋ ಅವಳಿಗೆ ಗೊತ್ತಾಗಲಿಲ್ಲ.

ಟೀವಿಯಲ್ಲಿ ಗೋಲನ್ನು ಮತ್ತೆ ತೋರಿಸುತ್ತಿದ್ದರು. ಅವಳು ಮುಂದಕ್ಕೆ ಬಾಗಿ ಮಿಡತೆಯ ಬಲಮಂಡಿಯನ್ನೇ ನೋಡಿದಳು. ಮಾವನೂ ನೋಡಿದ. ಅವನಿಗೆ ಅದರಲ್ಲಿ ಏನೂ ಕಂಡಂತಿರಲಿಲ್ಲ. ಎದ್ದು ಅಂಗಿ ಕೊಡವಿಕೊಂಡ, ಸ್ಕೂಟರಿನ ಕೀಲಿಗಾಗಿ ಜೇಬು ಮುಟ್ಟಿ ನೋಡಿಕೊಂಡ. ನಾಳೆಯೂ ಫಿಸಿಯೋ ಕೋಣೆಗೆ ಹೋಗುವುದಿದೆಯೇ ಎಂದು ಕೇಳಿದ. ಇದೆ, ಬೇರೆ ಇಬ್ಬರು ಹುಡುಗಿಯರೂ ಬರುತ್ತೇವೆಂದಿದ್ದಾರೆ ಎಂದಳು.

"ಎಷ್ಟೊತ್ತಿಗೆ? ನಾನು ಆ ಕಡೇನೇ ಹೋಗೋದು."

ಕಚೇರಿ ಬಿಟ್ಟ ಮೇಲೆ ಎಂದಳು. ಸರಿ, ಗೇಟಿನ ಹತ್ತಿರ ನಿಂತಿರು ಎಂದು ಹೇಳಿ ಅವನು ಮೆಟ್ಟಿಲಿಳಿದು ಹೋದ.